ಕೈ ಬಿಡೇ

ಮಾರ್ಚ್ 2, ಭಾನುವಾರ

ಮೊದಲ ಸುತ್ತಿನ ಫಲಿತಾಂಶ ಬಂದಿದೆ. ಹನ್ನೊಂದು ಜನ ಸವಾರರಲ್ಲಿ ನಾನು ಒಂಬತ್ತನೆಯವಳು. ಹತ್ತನೆಯವರ ಕುದುರೆ ಮಧ್ಯದಲ್ಲೇ ನಿಂತು ಬೇಲಿಯ ಹುಲ್ಲು ತಿಂದಿತಂತೆ. ಹನ್ನೊಂದನೆಯವರ ವಿಡಿಯೊ ತಲೆಕೆಳಗಾಗಿತ್ತಂತೆ. ಹಾಗಾಗಿ ಹೆಮ್ಮೆ ಪಡುವಂಥದ್ದೇನೂ ಇಲ್ಲ.

ಆನ್‌ಲೈನ್ ಕುದುರೆ ಸ್ಪರ್ಧೆಯ ಸುಖವೇ ಇದು, ಸೋತರೂ ಮನೆಯಲ್ಲೇ ಕೂತು ಸೋಲಬಹುದು. ನಮ್ಮ ಲಾಯದ ಅಂಕಣದಲ್ಲೇ, ಅವರು ಕೊಟ್ಟ ಕ್ರಮದಲ್ಲಿ ಕುದುರೆಯನ್ನು ನಡೆಸಿ, ಓಡಿಸಿ, ಸುತ್ತು ಹಾಕಿಸಿ, ಕೊನೆಗೆ ನೆಟ್ಟಗೆ ನಿಲ್ಲಿಸಿ ತಲೆಬಾಗಬೇಕು. ಅಷ್ಟನ್ನೂ ಎಲ್ಲೂ ಕತ್ತರಿಸದೆ ಒಂದೇ ವಿಡಿಯೊ ಮಾಡಿ ಕಳಿಸಬೇಕು. ಎಲ್ಲೋ ತಮ್ಮ ಮನೆಯಲ್ಲಿ ಕೂತ ತೀರ್ಪುಗಾರ್ತಿ ಒಂದೊಂದು ಚಲನೆಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಪಕ್ಕದಲ್ಲಿ ಒಂದು ಸಾಲು ಬರೆಯುತ್ತಾರೆ. ಗೆದ್ದವರಿಗೆ ರಿಬ್ಬನ್ ಅಂಚೆಯಲ್ಲಿ ಬರುತ್ತದೆ. ಮೂರು ಸುತ್ತಿನ ಅಂಕ ಕೂಡಿಸಿ ಮೊದಲ ನಾಲ್ವರನ್ನು ಫೈನಲ್ಲಿಗೆ ಕರೆಯುತ್ತಾರೆ, ಅದೂ ವಿಡಿಯೊದಲ್ಲೇ. ನನಗೆ ಆ ಫೈನಲ್ ಬೇಕು. ಜನರ ಮುಂದೆ ಸವಾರಿ ಮಾಡುವ ಶಕ್ತಿ ನನಗಿಲ್ಲ. ಒಂದೇ ಒಂದು ಸಲ ನಿಜವಾದ ಸ್ಪರ್ಧೆಗೆ ಹೋಗಿದ್ದೆ. ಎಡ ಯಾವುದು ಬಲ ಯಾವುದು ಮರೆತು, ಅಂಕಣದ ಬಾಗಿಲಿನಿಂದ ಕುದುರೆಯ ಸಮೇತ ಹೊರಗೇ ಹೋಗಿಬಿಟ್ಟೆ.

ಈ ಸಲದ ಷರಾ: "ಸವಾರರ ಕೈ ತೀರಾ ಬಿಗಿ. ಕುದುರೆ ನೋವಿಗೆ ಬಾಯಿ ತೆರೆಯುತ್ತಿದೆ."

ನಾನು ಹಲ್ಲಿನ ಡಾಕ್ಟರು. ದಿನವಿಡೀ ಜನರಿಗೆ ಬಾಯಿ ಬಿಡಿ ಬಾಯಿ ಬಿಡಿ ಎನ್ನುವುದೇ ನನ್ನ ಕಸುಬು. ಬಾಯಿ ಬಿಡಿಸಿದ್ದಕ್ಕೆ ಅಂಕ ಕಳೆದುಕೊಂಡದ್ದು ಇದೇ ಮೊದಲು.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಅತ್ತಿಗೆ ಅಣ್ಣನನ್ನು ತಂದು ನನ್ನ ಕಾರಿನಲ್ಲಿ ಕೂರಿಸಿದರು. ಕೇಳಿದರೋ ಇಲ್ಲವೋ ನೆನಪಿಲ್ಲ.

"ಮನೇಲಿ ಕೂತು ಗೋಡೆ ನೋಡ್ತಾರೆ, ಅಲ್ಲಿ ಕೂತು ಕುದುರೆ ನೋಡ್ಲಿ. ನನಗೂ ಭಾನುವಾರ ಒಂದು ಹೊತ್ತು ಉಸಿರು ಬಿಡೋಕಾಗುತ್ತೆ" ಎಂದರು.

ಅಣ್ಣನಿಗೆ ಸ್ಟ್ರೋಕ್ ಆದದ್ದು ಕಳೆದ ವರ್ಷ. ನಡೆಯುತ್ತಾನೆ, ಬಲಗೈ ಅರ್ಧ ಬಂದಿದೆ, ಮಾತು ಮಾತ್ರ ಬಂದಿಲ್ಲ. "ಹೂಂ" ಒಂದೇ. ಆ ಹೂಂನಲ್ಲೇ ಹೌದು, ಅಲ್ಲ, ಸಾಕು, ಹೊರಡು ಎಲ್ಲವೂ ಇದೆ ಎಂದು ಅತ್ತಿಗೆ ಹೇಳುತ್ತಾರೆ. ನನಗೆ ಎಲ್ಲವೂ ಒಂದೇ ತರಹ ಕೇಳಿಸುತ್ತದೆ. ಇಷ್ಟಕ್ಕೂ ಉತ್ತರ ಕೊಡಲಾಗದವರ ಜೊತೆ ಮಾತಾಡಿ ನನಗೆ ಅಭ್ಯಾಸ. ನನ್ನ ಕುರ್ಚಿಯಲ್ಲಿ ಕೂತವರ ಬಾಯಲ್ಲಿ ಯಾವಾಗಲೂ ನನ್ನ ಕೈಯೇ ಇರುತ್ತದೆ.

ಅವನು ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವನು. ಅರ್ಧ ಊರಿಗೆ ಕಾರು ಕಲಿಸಿದ್ದಾನೆ. ಕಲಿಯಲು ಬಂದವರೆಲ್ಲ ಸಾರ್, ಮೇಡಂ. ನಾನು ಮಾತ್ರ ಕತ್ತೆ. ಇವತ್ತು ನಾನು ಓಡಿಸುವಾಗ ಪ್ರತಿ ತಿರುವಿನಲ್ಲೂ ಅವನ ಎಡಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಲಿಸುವ ಕಾರಿನಲ್ಲಿ ಅವನ ಕಡೆಗೂ ಒಂದು ಬ್ರೇಕ್ ಇರುತ್ತಿತ್ತಲ್ಲ, ಆ ಅಭ್ಯಾಸ. ಲಾಯ ಹತ್ತಿರದಲ್ಲೇ ಇದ್ದರೂ ದೂರದ ಊರಿಗೆ ಕಾರು ಓಡಿಸಿದಷ್ಟು ಸಿಟ್ಟು ಬಂತು.

ಕುದುರೆ ಅವನನ್ನು ಗುರುತು ಹಿಡಿಯಿತು. ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟವನೂ ಅವನೇ. ಹೊತ್ತಿಗೆ ಸರಿಯಾಗಿ ತಿನ್ನುತ್ತದೆ, ಹೊತ್ತಾದ ಮೇಲೆ ಒಂದು ಹೆಜ್ಜೆ ಎತ್ತುವುದಿಲ್ಲ, ಮೇಲಿನವರನ್ನು ಕಂಡರೆ ಕಿವಿ ಹಿಂದಕ್ಕೆ ಹಾಕುತ್ತದೆ, ಹಾಗಾಗಿ.

ಮಾರ್ಚ್ 23, ಭಾನುವಾರ

ಎರಡನೆಯ ಸುತ್ತಿನ ಚಿತ್ರೀಕರಣ. ಹೋದ ಸಲ ಲಾಯದಮ್ಮ ಫೋನ್ ಹಿಡಿದಿದ್ದರು. ಲಾಯ ಅವರದು, ನಾಯಿಗಳೂ ಅವರವು. ನಾಯಿ ಬಂದರೆ ಫೋನೂ ನಾಯಿಯ ಕಡೆ ತಿರುಗುತ್ತದೆ. ಇವತ್ತು ಅವರಿಗೆ ಹುಲ್ಲಿನ ಲಾರಿ ಬರುವುದಿತ್ತು. ಬೇರೆ ದಾರಿ ಕಾಣದೆ ಫೋನನ್ನು ಸ್ಟ್ಯಾಂಡಿಗೆ ಹಾಕಿ ಅಣ್ಣನನ್ನು ಹಿಂದೆ ಕುರ್ಚಿಯಲ್ಲಿ ಕೂರಿಸಿದೆ. ಸ್ಟ್ಯಾಂಡಿನ ಹಿಡಿಯನ್ನು ಅವನ ಎಡಗೈಗೆ ಕೊಟ್ಟು, "ಕುದುರೆ ಎಲ್ಲಿ ಹೋಗುತ್ತೋ ಅಲ್ಲಿಗೆ ತಿರುಗಿಸು, ಅಷ್ಟೇ" ಎಂದೆ.

"ಹೂಂ."

ಕೆಟ್ಟದಾಗಿ ಮಾಡಲಿಲ್ಲ. ಸಂಜೆ ಕ್ಲಿನಿಕ್ಕಿನಲ್ಲಿ ಇಬ್ಬರು ರೋಗಿಗಳ ನಡುವೆ ವಿಡಿಯೊ ನೋಡಿದೆ. ಗುಮಾಸ್ತನ ಬಾಲ ಸಹಿತ ಚೌಕಟ್ಟಿನಲ್ಲೇ ಇದ್ದಾನೆ. ನಾನು ಯಾವಾಗಲೂ ದನಿ ನಿಲ್ಲಿಸಿಯೇ ನೋಡುವುದು. ಹೊರಗೆ ಜನ ಕಾಯುತ್ತಿರುತ್ತಾರೆ. ಅಲ್ಲದೆ ಕುದುರೆಯ ಮೇಲೆ ನಾನು ಏದುಸಿರು ಬಿಡುತ್ತ ಚ್ ಚ್ ಎನ್ನುವುದನ್ನು ಕೇಳಿದರೆ ನನಗೇ ನನ್ನ ಮೇಲೆ ಮರ್ಯಾದೆ ಉಳಿಯುವುದಿಲ್ಲ.

ಏಪ್ರಿಲ್ 6, ಭಾನುವಾರ

ಐದನೆಯ ಸ್ಥಾನ. ತೀರ್ಪುಗಾರ್ತಿ ಬರೆದಿದ್ದಾರೆ: "ಚಿತ್ರೀಕರಣ ಬಹಳ ಚೆನ್ನಾಗಿದೆ. ಕೈ ಇನ್ನೂ ಬಿಗಿ."

ಕಾರಿನಲ್ಲಿ ಇದನ್ನು ಅಣ್ಣನಿಗೆ ಓದಿ ಹೇಳಿದೆ. ಮೊದಲ ವಾಕ್ಯಕ್ಕೆ ಸುಮ್ಮನಿದ್ದ, ಎರಡನೆಯದಕ್ಕೆ ನಕ್ಕ. ನಗು ಮಾತ್ರ ಹಳೆಯದೇ, ಏನೂ ಕೆಟ್ಟಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಹಾಗೆ ನಾನು ಅಂಕಣದ ಮಣ್ಣು ಗಟ್ಟಿಯಾಗಿದೆ ಎಂದು ಶುರು ಮಾಡಿದೆ. ಅವನು ಇನ್ನೂ ಜೋರಾಗಿ ನಕ್ಕ. ದಾರಿಯುದ್ದಕ್ಕೂ ನಾನೊಬ್ಬಳೇ ಮಾತಾಡಿದೆ. ಬುದ್ಧಿಹಲ್ಲು ಕೀಳಿಸಲು ಬಂದು ಹೆದರಿ ಶೌಚಾಲಯದ ಕಿಟಕಿಯಿಂದ ಓಡಿಹೋದ ಪೊಲೀಸಿನವರ ಕಥೆಯನ್ನೂ ಹೇಳಿದೆ. ಯಾರಿಗೂ ಹೇಳಿರಲಿಲ್ಲ ಅದನ್ನು.

ಏಪ್ರಿಲ್ 15, ಮಂಗಳವಾರ

ಅತ್ತಿಗೆ ಕ್ಲಿನಿಕ್ಕಿಗೆ ಬಂದಿದ್ದರು. ಹಲ್ಲು ನೋವು ಎಂದರು. ಹಲ್ಲಿಗೆ ಏನೂ ಆಗಿರಲಿಲ್ಲ.

"ಥೆರಪಿ ಮೇಡಂ ಮುಂದಿನ ತಿಂಗಳ ಕೊನೆಗೆ ನಿಲ್ಲಿಸ್ತಾರಂತೆ ಕಣೇ. ಇಷ್ಟು ದಿನಕ್ಕೆ ಒಂದು ಪದ ಬಂದಿದ್ರೂ ಮುಂದುವರಿಸಬಹುದಿತ್ತಂತೆ. ಕಾಯ್ತಿರೋರು ಬೇರೆ ಬಹಳ ಜನ ಇದ್ದಾರಂತೆ."

ಮಾತು ಬರಿಸಲು ಆ ಮೇಡಂ ಅಣ್ಣನಿಗೆ ಚಿತ್ರದ ಚೀಟಿ ತೋರಿಸುತ್ತಾರೆ. ಬೀಗದ ಕೈ, ಲೋಟ, ಛತ್ರಿ. ಅವನು ನೋಡುತ್ತಾನೆ, ಬೆವರುತ್ತಾನೆ, ಚೀಟಿಯನ್ನು ಮೇಜಿನ ಮೇಲೆ ಮಗುಚಿ ಹಾಕುತ್ತಾನೆ.

"ಮೆದುಳು ಅಂದ ಮೇಲೆ ಹೀಗೇ ಅಂತ ಹೇಳೋಕಾಗಲ್ಲ ಅತ್ತಿಗೆ" ಎಂದೆ. ಡಾಕ್ಟರ ದನಿಯಲ್ಲೇ ಹೇಳಿದೆ. ಅವರು ನನ್ನ ಮುಖ ನೋಡಿ, "ನಿನ್ನ ಹತ್ರ ಹಲ್ಲು ಮಾತ್ರ ತೋರಿಸ್ಬೇಕು" ಎಂದು ಎದ್ದು ಹೋದರು.

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಬಂದ ರೋಗಿಗೆ ಎಡಗಡೆಯ ಬದಲು ಬಲಗಡೆ ಜೋಮಿನ ಇಂಜೆಕ್ಷನ್ ಕೊಡಲು ಹೋಗಿದ್ದೆ. ಅವರೇ ಕೈ ಹಿಡಿದರು.

ಏಪ್ರಿಲ್ 27, ಭಾನುವಾರ

ಮೂರನೆಯ ಸುತ್ತು. ಗಾಳಿ ಜೋರಾಗಿತ್ತು. ಎಲ್ಲಿ ತಿರುಗಬೇಕು ಎಂಬ ಗುರುತಿಗೆ ಬೇಲಿಗೆ ಸಿಕ್ಕಿಸಿದ ಅಕ್ಷರದ ಫಲಕಗಳು ಅಲ್ಲಾಡುತ್ತಿದ್ದವು. ಲಾಯದಮ್ಮ ಊರಲ್ಲಿರಲಿಲ್ಲ. ನಾಯಿಗಳನ್ನೂ ಕರೆದುಕೊಂಡು ಹೋಗಿದ್ದರು. ನಾನು, ಅಣ್ಣ, ಗುಮಾಸ್ತ ಬಿಟ್ಟರೆ ಬೇರೆ ನರಪಿಳ್ಳೆ ಇಲ್ಲ.

ಅಂಕಣದ ಸುತ್ತ ಮೊದಲನೆಯ ಸುತ್ತು ಎಂದಿನಂತೆ ಎಳೆದಾಟ. ನಾನು ಏರಿಗೆ ಎಳೆದರೆ ಗುಮಾಸ್ತ ನೀರಿಗೆ. ಎರಡನೆಯ ಸುತ್ತು ಶುರುವಾಗುವಾಗ, ಕ್ಯಾಮೆರಾ ಹತ್ತಿರದ ಮೂಲೆಯಲ್ಲಿ, ನನ್ನ ಕೈ ತಾನಾಗಿ ಸಡಿಲವಾಯಿತು. ಯಾಕೆ ಎಂದು ಗೊತ್ತಿಲ್ಲ. ಲಗಾಮು ಇಷ್ಟೇ ಇಷ್ಟು ಮುಂದೆ ಹೋಯಿತು, ಗುಮಾಸ್ತ ಕತ್ತು ಇಳಿಸಿದ, ಬೆನ್ನು ಎತ್ತಿದ. ಅಲ್ಲಿಂದ ಕೊನೆಯವರೆಗೆ ನಾನು ಅವನ ಮೇಲೆ ಸುಮ್ಮನೆ ಕೂತಿದ್ದೆ ಅಷ್ಟೇ. ಐದು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ನನಗೆ ತುಂಬ ಸಂತೋಷವಾಯಿತು ಎಂದು ಇಲ್ಲಿ ಬರೆದಿಡುತ್ತೇನೆ, ನಾಳೆ ಇಲ್ಲವೆನ್ನಬಾರದು.

ಅಣ್ಣನ ಮುಖ ಕೆಂಪಾಗಿತ್ತು. ಬಿಸಿಲು ಎಂದುಕೊಂಡು ಟೋಪಿ ಹಾಕಿದೆ. ತೆಗೆದು ಎಸೆದ.

ವಿಡಿಯೊದಲ್ಲಿ ಒಂದೇ ಒಂದು ಕೊರತೆ. ಆ ಮೂಲೆಯಲ್ಲಿ ಗುಮಾಸ್ತನ ಒಂದು ಕಿವಿ ಫಟ್ಟನೆ ಕ್ಯಾಮೆರಾ ಕಡೆ ತಿರುಗುತ್ತದೆ. ಗಮನ ತಪ್ಪಿದ್ದಕ್ಕೆ ಅರ್ಧ ಅಂಕ ಹೋಗಬಹುದು.

ಮೇ 4, ಭಾನುವಾರ

ಅನರ್ಹ.

ಅಂಕಗಳನ್ನು ಹಾಕಿ, ಕೂಡಿಸಿ, ಅದರ ಮೇಲೆ ಅಡ್ಡಗೆರೆ ಎಳೆದಿದ್ದಾರೆ. ಇದ್ದ ಹಾಗೆ ಬಿಟ್ಟಿದ್ದರೆ ಈ ಸುತ್ತಿಗೆ ಮೊದಲ ಸ್ಥಾನ, ಮೂರೂ ಕೂಡಿಸಿದರೆ ನಾಲ್ಕನೆಯದು. ಫೈನಲ್. ಆ ಮೂಲೆಗೆ ಹತ್ತಕ್ಕೆ ಎಂಟು ಕೊಟ್ಟಿದ್ದಾರೆ. ನನ್ನ ಜನ್ಮದಲ್ಲಿ ಎಂಟು ನೋಡಿರಲಿಲ್ಲ. ಪಕ್ಕದಲ್ಲಿ: "ಅತ್ಯುತ್ತಮ. ಆದರೆ ಇದೇ ಜಾಗದಲ್ಲಿ ಸವಾರರಿಗೆ ಹೊರಗಿನಿಂದ ಮಾತಿನ ಸೂಚನೆ ಸಿಕ್ಕಿದೆ. ನಿಯಮದಂತೆ ಅನರ್ಹ."

ಸೂಚನೆಯಂತೆ. ಅಲ್ಲಿದ್ದವರು ಇಬ್ಬರು, ಅದರಲ್ಲಿ ಒಬ್ಬನಿಗೆ ಮಾತಿಲ್ಲ. ಕೂಡಲೇ ಆಯೋಜಕರಿಗೆ ಬರೆದೆ. ಕ್ಯಾಮೆರಾ ಹಿಡಿದದ್ದು ನನ್ನ ಅಣ್ಣ, ಅವನಿಗೆ ಸ್ಟ್ರೋಕ್ ಆಗಿದೆ, ಅವನು ಮಾತಾಡುವುದಿಲ್ಲ, ನೀವು ಗಾಳಿಗೆ ಅರ್ಥ ಕಟ್ಟಿದ್ದೀರಿ. ಕೊನೆಯ ವಾಕ್ಯ ಸ್ವಲ್ಪ ಖಾರವಾಯಿತು. ಇರಲಿ.

ಅವರು ವಿಡಿಯೊ ಇನ್ನೊಮ್ಮೆ ಕೇಳಿ ಎಂದಿದ್ದಾರೆ. ಕೇಳುವುದೇನು, ನಾನು ಅಲ್ಲೇ ಇದ್ದೆನಲ್ಲ.

ಮೇ 7, ಬುಧವಾರ

ಆಯೋಜಕರ ಉತ್ತರ ಮರ್ಯಾದೆಯಿಂದಲೇ ಇದೆ. ಚಿತ್ರೀಕರಿಸಿದವರಿಗೆ ಮಾತಾಡಲು ಬರುವುದಿಲ್ಲ ಎಂದು ಡಾಕ್ಟರ ಪತ್ರ ಕಳಿಸಿದರೆ, ದನಿ ಯಾರೋ ದಾರಿಹೋಕರದು ಎಂದು ಪರಿಗಣಿಸುತ್ತಾರಂತೆ. ಅನರ್ಹತೆ ರದ್ದಾಗುತ್ತದೆ. ಭಾನುವಾರದೊಳಗೆ ಕಳಿಸಬೇಕು.

ಅಂಥ ಪತ್ರ ಅತ್ತಿಗೆಯ ಬಳಿ ಇದೆ. ಡ್ರೈವಿಂಗ್ ಸ್ಕೂಲ್ ಮುಚ್ಚುವಾಗ ಬರೆಸಿದ್ದು. ನಾಳೆ ತರುತ್ತೇನೆ.

ಮೇ 8, ಗುರುವಾರ

ಹೋದೆ. ಅಣ್ಣ ಮುಂದಿನ ಕೋಣೆಯ ಕಿಟಕಿಯಲ್ಲಿ ಕೂತು ಎದುರುಮನೆಯವರು ಕಾರು ನಿಲ್ಲಿಸಲು ಒದ್ದಾಡುವುದನ್ನು ನೋಡುತ್ತಿದ್ದ. ನಾನು ಸೀದಾ ಅಡುಗೆಮನೆಗೆ ಹೋಗಿ ಅತ್ತಿಗೆಯ ಹತ್ತಿರ ಪತ್ರ ಕೇಳಿದೆ. ಯಾಕೆ ಎಂದರು. ಹೇಳಿದೆ.

"ಹಾಗಾದ್ರೆ ದನಿ ಯಾರದಂತೆ?"

"ಯಾರದೂ ಅಲ್ಲ. ಗಾಳಿ."

"ನೀನು ಕೇಳ್ದೆಯಾ?"

"ಇಲ್ಲ."

ಅತ್ತಿಗೆ ಸೌಟು ಕೆಳಗಿಟ್ಟು, ಒಲೆ ಆರಿಸಿ, ಕೈ ಒರೆಸಿಕೊಂಡರು. "ಹಾಕು" ಎಂದರು.

ಹಾಕಿದೆ. ಗಾಳಿ. ಗೊರಸಿನ ಸದ್ದು. ನನ್ನ ಹಾಳು ಚ್ ಚ್. ಮತ್ತೆ ಗಾಳಿ. ಗುಮಾಸ್ತ ಆ ಮೂಲೆಗೆ ಬಂದ. ಆಗ ಫೋನಿನ ಪಕ್ಕದಲ್ಲೇ ಒಂದು ದನಿ, ದಪ್ಪಗೆ, ಗಂಟಲಿನ ತಳದಿಂದ ಎತ್ತಿ ಹಾಕಿದ ಹಾಗೆ, ಎರಡು ಮಾತು ಆಡಿತು. ಕುದುರೆಯ ಕಿವಿ ಅತ್ತ ತಿರುಗಿತು. ನನ್ನ ಕೈ ಸಡಿಲವಾಯಿತು.

ಅತ್ತಿಗೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಇನ್ನೊಂದ್ಸಲ" ಎಂದರು. ಇನ್ನೊಂದು ಸಲ ಹಾಕಿದೆ. ಮತ್ತೊಂದು ಸಲ. ಕೊನೆಯ ಅಕ್ಷರದ ಮೇಲೆ ಗಾಳಿ ಹೊಡೆದಿದೆ.

"ಕೈ ಬಿಡಬೇಡ ಅಂತಿದ್ದಾರೆ" ಎಂದರು ಅತ್ತಿಗೆ. ಅವರ ಕಣ್ಣಲ್ಲಿ ಧಾರಾಕಾರ ನೀರು. "ನಾನು ಸಾಕಾಗಿದೆ ಸಾಕಾಗಿದೆ ಅಂತಿರ್ತೀನಲ್ಲ, ಎಲ್ಲಾ ಕೇಳಿಸ್ಕೊಂಡಿದ್ದಾರೆ. ಕೈ ಬಿಡಬೇಡ ಅಂತಿದ್ದಾರೆ ಕಣೇ."

"ಅಲ್ಲ ಅತ್ತಿಗೆ. ಕೈ ಬಿಡೇ ಅಂತಿದ್ದಾನೆ."

ಅವರು ನನ್ನನ್ನು ಕೊಲ್ಲುವ ಹಾಗೆ ನೋಡಿದರು. ಅದಕ್ಕೆ ವಿವರಿಸಬೇಕಾಯಿತು. ನಾನು ಕಾರು ಕಲಿಯುವಾಗ ಸ್ಟೇರಿಂಗನ್ನು ಕತ್ತು ಹಿಸುಕುವ ಹಾಗೆ ಹಿಡಿಯುತ್ತಿದ್ದೆ. "ಅದೆಲ್ಲೂ ಓಡಿಹೋಗಲ್ಲ, ಕೈ ಬಿಡೇ ಕತ್ತೆ" ಎಂದು ಅವನು ದಿನಕ್ಕೆ ನೂರು ಸಲ ಬೈಯುತ್ತಿದ್ದ. ಮೂವತ್ತು ವರ್ಷ ಕಲಿಯಲು ಬಂದವರಿಗೆಲ್ಲ ಅದನ್ನೇ ಹೇಳಿದ್ದಾನೆ, ಅವರಿಗೆ ಕತ್ತೆ ಬಿಟ್ಟು. ಬೀಗದ ಕೈ, ಛತ್ರಿ ಬಾಯಿಗೆ ಬರಲಿಲ್ಲ, ಇದು ಬಂದಿದೆ.

 ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಬಾಯಿ ಬಂದ ಕೂಡಲೇ ಬೈಗುಳವೇ ಬರ್ಬೇಕಾ ಈ ಮನುಷ್ಯನಿಗೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಕೈ ಮಾತ್ರ ಫೋನನ್ನು ಬಿಗಿಯಾಗಿ ಹಿಡಿದಿತ್ತು.

ಹೊರಡುವಾಗ ಅತ್ತಿಗೆ ಪತ್ರವನ್ನು ತಂದು ಕೊಟ್ಟರು. "ಇದನ್ನ ಅವರಿಗೆ ಕಳ್ಸು, ವಿಡಿಯೊನ ಥೆರಪಿ ಮೇಡಂಗೆ ತೋರ್ಸೋಣ. ಅವರಿಗೂ ಇವರಿಗೂ ಏನು ಪರಿಚಯವಾ? ಯಾರಿಗೆ ಗೊತ್ತಾಗುತ್ತೆ?"

ಅದೂ ನಿಜವೇ.

ಮೇ 9, ಶುಕ್ರವಾರ

ಪತ್ರ ಕ್ಲಿನಿಕ್ಕಿನ ಮೇಜಿನ ಮೇಲಿತ್ತು. "ಇವರು ಮಾತನಾಡಲು ಅಸಮರ್ಥರು" ಎಂದಿದೆ. ಮೊಹರು ಸ್ವಚ್ಛವಾಗಿ ಬಿದ್ದಿದೆ. ಫೋಟೊ ತೆಗೆಯಲು ಎರಡು ಸಲ ಫೋನ್ ಎತ್ತಿದೆ. ಎರಡು ಸಲವೂ ಫೋನ್ ತೆರೆದ ಕೂಡಲೇ ಆ ವಿಡಿಯೊವೇ ಎದುರಿಗೆ ಬಂತು, ಹಾಕಿ ಕೇಳಿದೆ. ಹೊರಗೆ ಜನ ಕಾಯುತ್ತಿದ್ದರು. ಕೇಳಿಸಿದರೆ ಕೇಳಿಸಲಿ ಎಂದು ದನಿ ಜಾಸ್ತಿ ಮಾಡಿದೆ.

ಮಧ್ಯಾಹ್ನ ಆಯೋಜಕರಿಗೆ ಬರೆದೆ. ದನಿ ನನ್ನ ಅಣ್ಣನದು. ಸೂಚನೆ ಕೊಟ್ಟದ್ದು ನನಗೇ. ನಾನು ಅದನ್ನು ಪಾಲಿಸಿಯೂ ಇದ್ದೇನೆ. ಅನರ್ಹತೆ ಸರಿಯಾಗಿದೆ, ದಯವಿಟ್ಟು ಹಾಗೇ ಇರಲಿ. ತೀರ್ಪುಗಾರ್ತಿಯವರಿಗೆ ಧನ್ಯವಾದ, ಗಾಳಿಯ ಮಾತಿಗೆ ಕ್ಷಮೆ.

ಫೈನಲ್ ಹೋಯಿತು. ಬೇಜಾರಾಗಿದೆ. ಆಗಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮೇ 13, ಮಂಗಳವಾರ

ಥೆರಪಿ ಮೇಡಂ ವಿಡಿಯೊ ಕೇಳಿದರು. ಒಂದು ಸಲ ಬಂದದ್ದು ಆಕಸ್ಮಿಕ ಇರಬಹುದು, ಎರಡನೆಯ ಸಲ ತಮ್ಮ ಕಿವಿಯಾರೆ ಕೇಳಿದರೆ ಮುಂದುವರಿಸುತ್ತೇನೆ ಎಂದರು.

ಅತ್ತಿಗೆ ಮೂರು ದಿನದಿಂದ ಅವನ ಮುಂದೆ ಕೂತು "ಹೇಳಿ, ಕೈ ಬಿಡೇ, ಹೇಳಿ" ಎನ್ನುತ್ತಿದ್ದಾರೆ. ಅವನು ಹೂಂ ಎನ್ನುತ್ತಾನೆ. ಇವತ್ತು ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿಕೊಂಡನಂತೆ.

ಅತ್ತಿಗೆಯದು ಸೌಟು ಹಿಡಿಯುವ ಕೈ, ಅದರಲ್ಲಿ ಅವನು ತಿದ್ದುವ ತಪ್ಪೇನಿದೆ? ಬಿಗಿಯಾದ ಕೈ ಕಣ್ಣಿಗೆ ಬೀಳದೆ ಅವನು ಯಾಕೆ ಹೇಳಬೇಕು? ಅಂಥ ಕೈ ನನ್ನ ಹತ್ತಿರ ಇದೆ.

ಮೇ 18, ಭಾನುವಾರ

ಬೇಲಿಯ ಆಚೆ ಅತ್ತಿಗೆ, ಥೆರಪಿ ಮೇಡಂ, ಲಾಯದಮ್ಮ, ನಾಯಿಗಳು. ಅಣ್ಣ ತನ್ನ ಜಾಗದಲ್ಲಿ, ಸ್ಟ್ಯಾಂಡಿನ ಹಿಂದೆ. ಅವನಿಗೆ ಇದು ಇನ್ನೊಂದು ಚಿತ್ರೀಕರಣ ಎಂದಷ್ಟೇ ಹೇಳಿದ್ದೆ.

ಹತ್ತುವ ಮುಂಚೆ ಗುಮಾಸ್ತನ ಕಿವಿಯಲ್ಲಿ ಕ್ಷಮಿಸು ಎಂದೆ. ಆಮೇಲೆ ಲಗಾಮನ್ನು ಹಳೆಯ ಕಾಲದ ಹಾಗೆ ಹಿಡಿದೆ. ತೀರಾ ನೋವಾಗದಷ್ಟು, ಆದರೆ ನೋಡಿದವರ ಹಲ್ಲು ಕಟಕಟ ಎನ್ನುವಷ್ಟು. ಗುಮಾಸ್ತ ಕತ್ತು ಎತ್ತಿದ, ಬಾಲ ಬೀಸಿದ. ಮೊದಲ ಸುತ್ತು ಮುಗಿಯಿತು. ಏನೂ ಇಲ್ಲ. ಹಿಡಿ ತಿರುಗುತ್ತಿತ್ತು, ಅಷ್ಟೇ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಎರಡನೆಯ ಸುತ್ತಿಗೆ ಇನ್ನೂ ಬಿಗಿ ಮಾಡಿದೆ. ನಾನು ಇಷ್ಟು ಕೆಟ್ಟದಾಗಿ ಸವಾರಿ ಮಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಮೂಲೆ ಬಂತು. ಅಣ್ಣನ ಎಡಗಾಲು ಮಣ್ಣಿನ ಮೇಲೆ ಬ್ರೇಕ್ ಒತ್ತುತ್ತಿರುವುದು ಕಂಡಿತು. ಅವನ ಮುಖ ಕೆಂಪಾಗಿತ್ತು, ದವಡೆ ಅಲ್ಲಾಡುತ್ತಿತ್ತು.

"ಕೈ ಬಿಡೇ."

ಒಂದು ಉಸಿರು ತಡೆದು,

"ಕತ್ತೆ."

ಆಮೇಲೆ ಏನೇನಾಯಿತು ಎಂದು ಕ್ರಮವಾಗಿ ನೆನಪಿಲ್ಲ. ಅತ್ತಿಗೆ ಬೇಲಿಯ ಕೆಳಗಿನಿಂದ ನುಸುಳಿ ಬಂದದ್ದು ನೆನಪಿದೆ. ಆ ಮೈಕಟ್ಟಿಗೆ ಅದು ಹೇಗೆ ಸಾಧ್ಯವಾಯಿತೋ. ಥೆರಪಿ ಮೇಡಂ ಹೊಸದಾಗಿ ದಿನ ಗೊತ್ತು ಮಾಡಿದರು. ಲಾಯದಮ್ಮ, "ಕುದುರೇನ ಕತ್ತೆ ಅಂದ್ಬಿಟ್ರಲ್ಲ, ಪಾಪ" ಎಂದು ಗುಮಾಸ್ತನಿಗೆ ಕ್ಯಾರೆಟ್ ಕೊಟ್ಟರು. ಅದು ಕುದುರೆಗಲ್ಲ ಎಂದು ಹೇಳಿದೆ.

ಆದರೆ ಒಂದನ್ನು ಯಾರಿಗೂ ಹೇಳಿಲ್ಲ. ಇವತ್ತು ಅವನು ಹೇಳಿದ್ದು ನನಗೆ ಮೊದಲ ಸಲಕ್ಕೇ ಚೆನ್ನಾಗಿ ಕೇಳಿಸಿತ್ತು. ಆದರೂ ಇನ್ನೂ ಒಂದು ಸುತ್ತು ನಾನು ಕೈ ಬಿಡಲಿಲ್ಲ, ಇನ್ನೊಮ್ಮೆ ಬೈಯಲಿ ಎಂದು.